ಮೊದಲು ಊರಿನ ಗಿರಾಕಿ

ಪತ್ರ: ಕಲೆ, ಕರಕುಶಲಗಳನ್ನು ನೆಚ್ಚಿ ಒಂದು ಪ್ರದೇಶ ಬದುಕಬಹುದೆಂದು ನೀವು ಬರೆಯುತ್ತೀರಿ. ಹಾಗಿದ್ದರೆ ಸರ್ಕಾರ ಜಿಲ್ಲೆಗೊಂದು ಕಲಾಗ್ರಾಮ ಕಟ್ಟಿಸಿ, ಕಲಾವಿದರನ್ನು ಅಲ್ಲಿ ಕೂಡಿಸಿ, ಅವರು ಮಾಡಿದ್ದನ್ನು ಆನ್‌ಲೈನ್‌ನಲ್ಲಿ ಬೆಂಗಳೂರಿಗೂ ವಿದೇಶಕ್ಕೂ ಮಾರಿದರೆ ಸಾಲದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮಾನ್ಯರೇ, ಊರು ಬಿಟ್ಟು ಹೋಗುತ್ತಿರುವ ಹುಡುಗರ ಚಿಂತೆ ನಿಮ್ಮ ಪತ್ರದ ಉದ್ದಕ್ಕೂ ಇದೆ, ಆ ಕಳಕಳಿಗೆ ನನ್ನ ಗೌರವ. ಕಟ್ಟಡವೂ ಬೇಕು, ಆನ್‌ಲೈನ್ ಮಾರಾಟವೂ ಬೇಕು. ಆದರೆ ನಿಮ್ಮ ಯೋಜನೆಯಲ್ಲಿ ಮಾಡುವವರಿದ್ದಾರೆ, ದೂರದಲ್ಲಿ ಕೊಳ್ಳುವವರಿದ್ದಾರೆ, ನಿಮ್ಮೂರಿನ ಜನ ಮಾತ್ರ ಎಲ್ಲೂ ಇಲ್ಲ.

ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿ. ಧರ್ಮಸ್ಥಳ, ಕಟೀಲು, ಮಂದಾರ್ತಿಯ ಮೇಳಗಳದ್ದು ಹರಕೆಯ ಆಟ. ಮದುವೆ ಕೂಡಿಬಂದಿತೆಂದೋ ಕಾಯಿಲೆ ವಾಸಿಯಾಯಿತೆಂದೋ ಒಂದು ಕುಟುಂಬ ಆಟ ಆಡಿಸುತ್ತದೆ. ಟಿಕೆಟ್ಟಿನ ಮಾತಿಲ್ಲದೆ ಊರಿಗೆ ಊರೇ ಬಂದು ಕೂರುತ್ತದೆ. ಕಟೀಲಿನಲ್ಲಿ ಹರಕೆ ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹೀಗಾಗಿ ಮಳೆಗಾಲ ಕಳೆದು ತಿರುಗಾಟ ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಆಟ ಮುಗಿಸುವವರೆಗೆ ಭಾಗವತರಿಗೂ ವೇಷಧಾರಿಗಳಿಗೂ ಕೆಲಸದ ಭರವಸೆಯಿದೆ. ಒಮ್ಮೆ ವೇಷ ಕಟ್ಟುವ ಚೌಕಿಯಲ್ಲಿ ಕೂತು ನೋಡಬೇಕು: ಬಣ್ಣದ ವೇಷದವರು ಕನ್ನಡಿಯ ಮುಂದೆ ಕೂತು, ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಚುಟ್ಟಿಯನ್ನು ಕಡ್ಡಿಯಿಂದ ತೆಗೆದು, ತಮ್ಮ ಮುಖದ ಮೇಲೆ ತಾವೇ ಮುಳ್ಳು ಮುಳ್ಳಾಗಿ ಇಟ್ಟುಕೊಳ್ಳುತ್ತಾರೆ, ಅದು ಗಂಟೆಗಟ್ಟಲೆಯ ಕೆಲಸ. ಅವರ ಬೆನ್ನಿಗೆ ಕಿರೀಟ, ಭುಜಕೀರ್ತಿ ಮಾಡುವವರು, ಮದ್ದಳೆಗೆ ಮುಚ್ಚಿಗೆ ಬಿಗಿಯುವವರು, ರಂಗಸ್ಥಳ ಕಟ್ಟುವವರು, ಬಯಲಿನಲ್ಲಿ ಚಹಾ, ಚರುಮುರಿ ಮಾರುವವರು ಇದ್ದಾರೆ. ಇದನ್ನು ಯಾವ ಇಲಾಖೆಯೂ ಕಟ್ಟಿಕೊಡಲಿಲ್ಲ.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಬೆಳೆದದ್ದೂ ಇದೇ ಕ್ರಮದಲ್ಲಿ. ಊರವರು ಕೂಡಿ 1949ರಲ್ಲಿ ಕಟ್ಟಿಕೊಂಡ ಸಂಘಕ್ಕೆ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ತಿರುಗಾಟ ಹೊರಟದ್ದು 1985ರಲ್ಲಿ. ಆ ತಿರುಗಾಟವೂ ಊರೂರಿನ ಸಂಘಟಕರು ನಾಟಕ ಆಡಿಸುವುದರಿಂದಲೇ ನಡೆಯುತ್ತದೆ. ಇಳಕಲ್ಲಿನಲ್ಲಿ ಸೀರೆಯ ಸೆರಗಿನ ಉದ್ದೆಳೆಗಳನ್ನು ಒಡಲಿನ ಉದ್ದೆಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ವಿದ್ಯೆ ಉಳಿದಿದ್ದರೆ, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಖಣದ ಕುಪ್ಪಸದ ಜೊತೆಗೆ ಆ ಸೀರೆಯನ್ನು ಹೊಲಕ್ಕೂ ಉಟ್ಟರು, ಸೀಮಂತಕ್ಕೂ ಉಟ್ಟರು ಎಂಬುದೇ ಅದಕ್ಕೆ ಮೊದಲ ಕಾರಣ.

ದಾರಿಹೋಕ ಗಿರಾಕಿಯನ್ನೇ ನೆಚ್ಚಿದರೆ ಏನಾಗುತ್ತದೆಂಬುದನ್ನು ಚನ್ನಪಟ್ಟಣದಲ್ಲಿ ಕಾಣಬಹುದು. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಗೇ ಅದನ್ನು ಕರಗಿಸಿ ಹೊಳಪು ತರುವ ಆ ಕೈಗಳಲ್ಲಿ ಯಾವ ಕೊರತೆಯೂ ಇಲ್ಲ. ಆ ಊರಿನದೇ ಕಸುಬೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆಯೂ ಸಿಕ್ಕಿದೆ. ಆದರೂ ಹೊಸ ಬೆಂಗಳೂರು–ಮೈಸೂರು ಹೆದ್ದಾರಿ ಪಟ್ಟಣದ ಹೊರಗಿನಿಂದ ಹಾದುಹೋದಮೇಲೆ ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ವ್ಯಾಪಾರ ಬಿದ್ದುಹೋಯಿತು.

ನನಗೆ ಸಿಟ್ಟು ಬರುವುದು ನಮ್ಮೆಲ್ಲರ ನಡವಳಿಕೆಯ ಮೇಲೆ. ಸಭೆಯಲ್ಲಿ ಸಂಸ್ಕೃತಿಯ ಬಗ್ಗೆ ಮಾತನಾಡಿದ ಅತಿಥಿಗೆ ಎಲ್ಲೋ ತಯಾರಾದ ಪ್ಲಾಸ್ಟಿಕ್ ಫಲಕ ಕೊಟ್ಟು ಕಳಿಸುತ್ತೇವೆ. ಉತ್ಸವಗಳಲ್ಲಿ ರಾತ್ರಿಯ ದೊಡ್ಡ ವೇದಿಕೆ ಸಿನಿಮಾ ಗಾಯಕರಿಗೆ. ಜನಪದ ತಂಡಗಳಿಗೆ ಮಧ್ಯಾಹ್ನದ ಬಿಸಿಲು, ಖಾಲಿ ಕುರ್ಚಿ, ಆಮೇಲೆ ಸಂಭಾವನೆಗಾಗಿ ತಿಂಗಳುಗಟ್ಟಲೆ ಅಲೆದಾಟ. ಜಾತ್ರೆಗೆ ಡಿ.ಜೆ. ತರಿಸಲು ಮನೆಮನೆಯಿಂದ ಪಟ್ಟಿ ಎತ್ತುವ ನಾವೇ ಕಲಾವಿದರ ವಿಷಯ ಬಂದಾಗ ಸರ್ಕಾರದ ಕಡೆ ಕೈ ತೋರಿಸುತ್ತೇವೆ. ನಿಮ್ಮ ಪತ್ರದಲ್ಲೂ ‘ಸರ್ಕಾರ’ ಮೊದಲು ಬಂದದ್ದಕ್ಕೆ ನನಗೆ ಬೇಸರವಾಯಿತು.

ನಿಮ್ಮ ಭಾಗ ದೊಡ್ಡಾಟವೆಂಬ ಬಯಲಾಟದ ಸೀಮೆ. ಅಕ್ಕಪಕ್ಕದ ಮೂರು ನಾಲ್ಕು ಊರುಗಳವರು ಕೂಡಿ, ಜಾತ್ರೆಯ ಪಟ್ಟಿಯಲ್ಲಿ ಒಂದು ಪಾಲು ತೆಗೆದಿಟ್ಟು, ಒಬ್ಬ ಮಾಸ್ತರರನ್ನು ಕರೆಸಿ ಹುಡುಗರಿಗೆ ಆಟ ಕಲಿಸಿ. ವೇಷಭೂಷಣವನ್ನು ಬಾಡಿಗೆಗೆ ತರುವ ಬದಲು ನಿಮ್ಮಲ್ಲಿಯ ದರ್ಜಿ, ಬಡಿಗೇರರಿಂದಲೇ ಮಾಡಿಸಿ. ಪ್ರತಿ ವರ್ಷ ಆಟ ನಡೆಯುವಂತಾದ ಮೇಲೆ ಕಲಾಗ್ರಾಮದ ಅರ್ಜಿ ಬರೆಯಿರಿ; ಅದಕ್ಕೆ ನಾನೂ ಸಹಿ ಹಾಕುತ್ತೇನೆ.

– ಸಂಪಾದಕ