ಅಪ್ಪನ ಅರವತ್ತಕ್ಕೆ ಪ್ಯಾರಿಸ್‌ನಲ್ಲಿ ಊಟ: ಸ್ಟಾರ್ ಆಮೇಲೆ, ಮೊದಲು ವೈನ್ ಲಿಸ್ಟ್ ಓದಿ

ನೀವು ಕೇಳಿದ್ದು ಇದು: ಮೇ ತಿಂಗಳಲ್ಲಿ ಉಡುಪಿಯಿಂದ ನಾಲ್ಕು ಜನ ಪ್ಯಾರಿಸ್‌ಗೆ ಹೊರಟಿದ್ದೀರಿ. ಅಪ್ಪನಿಗೆ ಅರವತ್ತು ತುಂಬುತ್ತದೆ. ಒಂದು ಹೊತ್ತು ನಿಜವಾದ ಫ್ರೆಂಚ್ ಫೈನ್ ಡೈನಿಂಗ್ ಊಟ ಮಾಡಿಸಬೇಕು, ವೈನ್ ಲಿಸ್ಟ್ ತುಂಬಾ ಚೆನ್ನಾಗಿರಬೇಕು. ವೈನ್ ಕುಡಿಯುವವರು ನೀವು ಮತ್ತು ಅಪ್ಪ ಇಬ್ಬರೇ. ಅಮ್ಮ ಮೀನು ತಿನ್ನುತ್ತಾರೆ, ಮಾಂಸ ಮುಟ್ಟುವುದಿಲ್ಲ. ಮಿಶೆಲಿನ್ ಸ್ಟಾರ್ ನೋಡಿ ಬುಕ್ ಮಾಡಿದರೆ ಸಾಕಾ? ಯಾವ ಜಾಗಕ್ಕೆ ಹೋಗಬೇಕು?

ಸಾಕಾಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನು ಮಂಗಳೂರಿನವನು. ಹನ್ನೆರಡು ವರ್ಷ ಪ್ರವಾಸಿ ಹಡಗುಗಳಲ್ಲಿ ವೈನ್ ಬಡಿಸುವ ಕೆಲಸ ಮಾಡಿದ್ದೇನೆ. ರಜೆ ಸಿಕ್ಕಾಗ ಫ್ರಾನ್ಸ್‌ನಲ್ಲಿ ಗಿರಾಕಿಯಾಗಿಯೂ ಕೂತಿದ್ದೇನೆ. ಈ ವಿಷಯ ನನಗೆ ತುಂಬಾ ಇಷ್ಟದ್ದು.

ಮಿಶೆಲಿನ್ ಅಂದರೆ ಟಯರ್ ಕಂಪನಿ, ಅದು ನಿಮಗೆ ಗೊತ್ತಿರಬಹುದು. 1900ರಲ್ಲಿ ಕಾರಿನಲ್ಲಿ ತಿರುಗುವವರಿಗಾಗಿ ಮೊದಲ ಗೈಡ್ ಪುಸ್ತಕ ತಂದರು. ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡಲು ಶುರು ಮಾಡಿದ್ದು 1926ರಲ್ಲಿ. ಒಂದು ಸ್ಟಾರ್ ಅಂದರೆ ದಾರಿಯಲ್ಲಿ ಸಿಕ್ಕಿದರೆ ನಿಲ್ಲಿ. ಎರಡು ಅಂದರೆ ದಾರಿ ಬಿಟ್ಟಾದರೂ ಹೋಗಿ. ಮೂರು ಅಂದರೆ ಅಲ್ಲಿ ಊಟ ಮಾಡುವುದಕ್ಕೆಂದೇ ಪ್ರಯಾಣ ಮಾಡಬಹುದು. ಆದರೆ ಈ ಸ್ಟಾರ್ ಸಿಗುವುದು ತಟ್ಟೆಯಲ್ಲಿರುವ ಅಡುಗೆಗೆ ಮಾತ್ರ. ವೈನಿಗೂ ಅದಕ್ಕೂ ಸಂಬಂಧ ಇಲ್ಲ. ವೈನ್ ಲಿಸ್ಟ್ ಚೆನ್ನಾಗಿದ್ದರೆ ಅದೇ ಗೈಡ್‌ನಲ್ಲಿ ದ್ರಾಕ್ಷಿ ಗೊಂಚಲಿನ ಗುರುತು ಬೇರೆಯೇ ಉಂಟು. ಸ್ಟಾರ್ ನೋಡುವವರು ಆ ಗುರುತನ್ನು ನೋಡುವುದೇ ಕಡಿಮೆ. ನೀವು ಅದನ್ನೇ ಹುಡುಕಿ.

ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 1981ರಿಂದ ರೆಸ್ಟೋರೆಂಟ್‌ಗಳ ವೈನ್ ಲಿಸ್ಟ್‌ಗೇ ಪ್ರಶಸ್ತಿ ಕೊಡುತ್ತಿದೆ. ಅದಕ್ಕೆ ರೆಸ್ಟೋರೆಂಟ್‌ನವರೇ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾದರೆ ಸಾಮಾನ್ಯವಾಗಿ ಸಾವಿರಕ್ಕಿಂತ ಜಾಸ್ತಿ ವೈನ್ ಇರಬೇಕು. ಕೆಲಸಕ್ಕೆ ಬರುವ ಪಟ್ಟಿಯೇ. ಆದರೆ ಸಾವಿರ ವೈನ್ ಇರುವ ರೆಸ್ಟೋರೆಂಟ್‌ನಲ್ಲಿ ನಿಮ್ಮ ಜೇಬಿಗೆ ಹೊಂದುವ ವೈನ್ ಎಷ್ಟು ಅಂತ ಅದು ಹೇಳುವುದಿಲ್ಲ.

ನಮ್ಮಲ್ಲಿ ಮೀನಿನ ಊಟದ ಹೋಟೆಲ್ ಹೇಗೆ ಆರಿಸುತ್ತೇವೆ, ಹೇಳಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯಬಾರದು ಅಂತ ನಿಷೇಧ ಇರುತ್ತದೆ. ಆ ಸಮಯದಲ್ಲೂ ಬೋರ್ಡಿನ ತುಂಬ ಇಪ್ಪತ್ತು ಮೀನಿನ ಹೆಸರು ಬರೆದಿದ್ದರೆ ನಮಗೆ ಸಂಶಯ ಬರುತ್ತದೆ, ಅಲ್ವಾ? "ಇವತ್ತು ಬಂಗುಡೆ, ಕಾಣೆ ಎರಡೇ ಉಂಟು, ಕಾಣೆ ಒಳ್ಳೆಯದಿದೆ" ಅನ್ನುವ ಹೋಟೆಲಿನಲ್ಲಿ ಧೈರ್ಯವಾಗಿ ಕೂರುತ್ತೇವೆ. ವೈನ್ ಲಿಸ್ಟ್ ನೋಡುವಾಗಲೂ ಅದೇ ಕಣ್ಣು ಬೇಕು. ದಪ್ಪ ಇದ್ದರೆ ಒಳ್ಳೆಯದು ಅಂತ ಲೆಕ್ಕ ಇಲ್ಲ.

ಈಗ ಬಹಳಷ್ಟು ರೆಸ್ಟೋರೆಂಟ್‌ಗಳು ಲಿಸ್ಟನ್ನು ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ. ಊಟದ ಪಟ್ಟಿ ನೋಡುವ ಮೊದಲು ಅದನ್ನು ಇಳಿಸಿಕೊಳ್ಳಿ. ನೇರವಾಗಿ ಕಡಿಮೆ ಬೆಲೆಯ ವೈನ್‌ಗಳನ್ನು ಓದಿ. ಸಾವಿರಾರು ಯೂರೋದ ಬೋರ್ದೋ ಪ್ರಾಂತ್ಯದ ವೈನ್ ಇಡುವುದು ಕಷ್ಟದ ಕೆಲಸ ಅಲ್ಲ, ದುಡ್ಡಿದ್ದರೆ ಯಾರು ಬೇಕಾದರೂ ಇಡಬಹುದು. ಎಂಬತ್ತು ಯೂರೋ ಒಳಗೆ ಹದಿನೈದು ಇಪ್ಪತ್ತು ಒಳ್ಳೆಯ ಬಾಟಲಿ ಇಡುವುದು ಕಷ್ಟ. ಅದಕ್ಕೆ ಊರೂರು ತಿರುಗಬೇಕು, ಹೆಸರಿಲ್ಲದ ಜಾಗದ ಒಳ್ಳೆಯ ಬೆಳೆಗಾರರನ್ನು ಹುಡುಕಬೇಕು. ಆ ಭಾಗ ತುಂಬಿಕೊಂಡಿದ್ದರೆ ಅಲ್ಲಿ ವೈನ್ ಪ್ರೀತಿಸುವ ಒಬ್ಬರು ಇದ್ದಾರೆ ಅಂತ ಅರ್ಥ. ಬರೀ ಮೂರು ಬಾಟಲಿ ಇದ್ದು, ಆಮೇಲೆ ಒಮ್ಮೆಲೇ ನೂರೈವತ್ತಕ್ಕೆ ಹಾರಿದರೆ ಆ ಜಾಗ ನಿಮಗಲ್ಲ.

ಆಮೇಲೆ ಬೆಳೆಗಾರರ ಹೆಸರು ಮತ್ತು ದ್ರಾಕ್ಷಿ ಕೊಯ್ದ ವರ್ಷ. ಇದು ತುಂಬಾ ಮುಖ್ಯ. ನೀವು ಉಡುಪಿಯವರು, ಮಟ್ಟುಗುಳ್ಳ ಗೊತ್ತಲ್ಲ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬಂತು. ಮಟ್ಟುವಿನ ಮಣ್ಣಿನಲ್ಲಿ ಬೆಳೆದರೆ ಮಾತ್ರ ಆ ಹೆಸರು. ಫ್ರೆಂಚರು 1935ರಿಂದಲೇ ವೈನಿಗೆ ಇಂಥ ಕಾನೂನು ಮಾಡಿಕೊಂಡಿದ್ದಾರೆ. ಶಾಬ್ಲಿ, ಸಾನ್ಸೇರ್, ವುವ್ರೇ ಎಲ್ಲ ಊರಿನ ಹೆಸರುಗಳು. ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಬರೆಯುವುದು ಕಡಿಮೆ, ಅಲ್ಸಾಸ್ ಪ್ರಾಂತ್ಯದವರು ಸಾಮಾನ್ಯವಾಗಿ ಬರೆಯುತ್ತಾರೆ. ಶಾಬ್ಲಿ ಅಂದರೆ ಶಾರ್ಡೊನೇ ದ್ರಾಕ್ಷಿ, ಸಾನ್ಸೇರ್ ಬಿಳಿ ಅಂದರೆ ಸೊವಿನ್ಯೋಂ ಬ್ಲಾಂ, ವುವ್ರೇ ಅಂದರೆ ಶೆನಿನ್, ಬುರ್ಗೋನ್ (ಬರ್ಗಂಡಿ) ಪ್ರಾಂತ್ಯದ ಕೆಂಪು ಅಂದರೆ ಬಹುಪಾಲು ಪಿನೋ ನ್ವಾರ್. ಇಷ್ಟು ನೆನಪಿದ್ದರೆ ಅರ್ಧ ಲಿಸ್ಟ್ ಓದಿದ ಹಾಗೆ.

ಆದರೆ ಊರಿನ ಹೆಸರು ಒಂದೇ ಸಾಲದು. ಮಟ್ಟುವಿನಲ್ಲೂ ಯಾರ ಗದ್ದೆಯ ಗುಳ್ಳ ಒಳ್ಳೆಯದು ಅಂತ ಊರವರಿಗೆ ಗೊತ್ತಿರುತ್ತದೆ. ಬುರ್ಗೋನ್‌ನಲ್ಲಿ ಕ್ಲೋ ದ ವೂಜೋ ಅಂತ ಒಂದು ಹೆಸರಾಂತ ತೋಟ ಇದೆ. ಸುತ್ತ ಗೋಡೆ ಕಟ್ಟಿದ ಸುಮಾರು 50 ಹೆಕ್ಟೇರ್ ಜಾಗ. ಅದಕ್ಕೆ ಸುಮಾರು 80 ಮಾಲೀಕರು! ಎಲ್ಲರ ಲೇಬಲ್ ಮೇಲೂ ಅದೇ ದೊಡ್ಡ ಹೆಸರು, ಒಳಗಿನ ವೈನ್ ಮಾತ್ರ ಬೇರೆ ಬೇರೆ. ಅದಕ್ಕೇ ಹೇಳುವುದು, ಊರಿನ ಹೆಸರು ಮಾತ್ರ ಬರೆದು ಬೆಳೆಗಾರರ ಹೆಸರು ಬಿಟ್ಟ ಲಿಸ್ಟ್ ಕಂಡರೆ ಬಿಟ್ಟುಬಿಡಿ.

ವರ್ಷದ ವಿಷಯದಲ್ಲಿ ನನಗೇ ಒಮ್ಮೆ ಹೀಗೆ ಆಗಿತ್ತು. ಹೆಸರು ಬೇಡ, ದೊಡ್ಡ ಜಾಗವೇ. ಲಿಸ್ಟ್‌ನಲ್ಲಿ 2018 ಅಂತ ಇತ್ತು. ತಂದವರು ಲೇಬಲನ್ನು ಕಣ್ಣೆದುರು ಒಮ್ಮೆ ಆಡಿಸಿ ಬಿರಡೆ ತೆಗೆಯಲು ಹೊರಟರು. ಸ್ವಲ್ಪ ನಿಲ್ಲಿ ಅಂದು ನೋಡಿದೆ, 2021! ಬುರ್ಗೋನ್‌ನಲ್ಲಿ 2018 ಒಳ್ಳೆ ಬಿಸಿಲಿನ ವರ್ಷ. 2021ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರೇ ಸುಟ್ಟುಹೋಗಿತ್ತು. ಎರಡೂ ಒಂದೇ ವೈನ್ ಅಲ್ಲವೇ ಅಲ್ಲ. ಹೇಳಿ ಕೊಟ್ಟಿದ್ದರೆ ತೊಂದರೆ ಇರಲಿಲ್ಲ, ಹೇಳಲೇ ಇಲ್ಲ. ಬಾಟಲಿ ತೋರಿಸಿದಾಗ ಸುಮ್ನೆ ತಲೆ ಆಡಿಸಬೇಡಿ. ಹೆಸರು, ವರ್ಷ ಎರಡನ್ನೂ ನಿಧಾನವಾಗಿ ಓದಿ. ಅವರು ತೋರಿಸುವುದೇ ಅದಕ್ಕೆ.

ಆಮೇಲೆ ಒಂದು ಗುಟುಕು ಸುರಿದು ನಿಮ್ಮ ಮುಖ ನೋಡುತ್ತಾರೆ. ರುಚಿ ಹೊಗಳಿ ಅಂತ ಅಲ್ಲ, ವೈನ್ ಕೆಟ್ಟಿದೆಯಾ ನೋಡಿ ಅಂತ. ಕುಡಿಯುವುದೂ ಬೇಡ, ಮೂಸಿದರೆ ಸಾಕು. ಬಿರಡೆಯಿಂದ ಕೆಟ್ಟ ವೈನಿಗೆ ಒಂದು ವಾಸನೆ ಇರುತ್ತದೆ. ಪುಸ್ತಕದಲ್ಲಿ ಒದ್ದೆ ರಟ್ಟು ಅಂತ ಬರೆಯುತ್ತಾರೆ. ನಮ್ಮವರಿಗೆ ಇನ್ನೂ ಸುಲಭ: ಆಷಾಢದಲ್ಲಿ ಮೂಲೆಯಲ್ಲಿ ಬಿದ್ದ ಗೋಣಿಚೀಲದ ಮುಗ್ಗಲು ವಾಸನೆ. ಅದು ಬಂದರೆ ಹೇಳಿ. ಒಳ್ಳೆಯ ರೆಸ್ಟೋರೆಂಟ್‌ನವರು ಮರುಮಾತಿಲ್ಲದೆ ಬೇರೆ ಬಾಟಲಿ ತರುತ್ತಾರೆ.

ದುಡ್ಡಿನ ಮಾತು ಹೇಗೆ ಆಡುವುದು ಅಂತ ನಮ್ಮವರಿಗೆ ತುಂಬಾ ಸಂಕೋಚ. ಅದರಲ್ಲೂ ಅಪ್ಪನ ಎದುರು. 2017ರಲ್ಲಿ ನಾನು, ನನ್ನ ಹೆಂಡತಿ ಪ್ಯಾರಿಸ್‌ನಲ್ಲಿ ಒಂದು ಪುಟ್ಟ ಜಾಗದಲ್ಲಿ ಕೂತಿದ್ದೆವು. ಹನ್ನೆರಡೇ ಮೇಜು. ಲಿಸ್ಟ್ ತೆರೆದು 58 ಯೂರೋ ಅಂತ ಬರೆದ ಸಾಲಿನ ಮೇಲೆ ಬೆರಳಿಟ್ಟು, "ಹೀಗೆ ಒಂದು ಬಿಳಿ ವೈನ್ ಬೇಕಿತ್ತು, ಮೀನಿನ ಜೊತೆಗೆ" ಅಂದೆ. ವೈನ್ ನೋಡಿಕೊಳ್ಳುವವರಿಗೆ ಅಲ್ಲಿ ಸೊಮೆಲಿಯೆ ಅನ್ನುತ್ತಾರೆ. ಆ ಹುಡುಗಿ ನನ್ನ ಬೆರಳು ಎಲ್ಲಿದೆ ಅಂತ ನೋಡಿದಳು. ನಾನು ತೋರಿಸಿದ್ದು ಬೆಲೆ ಅಂತ ಅವಳಿಗೆ ತಕ್ಷಣ ಗೊತ್ತಾಯಿತು. ಒಳಗೆ ಹೋಗಿ ತಂದದ್ದು 52 ಯೂರೋದ ಸಾವೆನಿಯೇರ್, ಲ್ವಾರ್ ನದಿ ಕಡೆಯ ಶೆನಿನ್. "ತುಂಬಾ ತಣ್ಣಗಿದೆ, ಹತ್ತು ನಿಮಿಷ ಗ್ಲಾಸಿನಲ್ಲೇ ಬಿಡಿ" ಅಂದು ಹೋದಳು. ಬಿಟ್ಟೆವು. ಅಷ್ಟರಲ್ಲಿ ಮೀನು ಬಂತು, ಮೇಲೆ ಬರ್ ಬ್ಲಾಂ ಸಾಸ್. ಸಣ್ಣ ಈರುಳ್ಳಿಯನ್ನು ಬಿಳಿ ವೈನಿನಲ್ಲಿ ಬತ್ತಿಸಿ, ತಣ್ಣನೆ ಬೆಣ್ಣೆಯನ್ನು ಚೂರು ಚೂರಾಗಿ ಹಾಕುತ್ತಾ ಕಡೆಯುವ ಸಾಸ್ ಅದು, ಅದೇ ಲ್ವಾರ್ ಕಡೆಯದ್ದು. ಗ್ಲಾಸ್ ಎತ್ತಿದರೆ ಜೇನುಮೇಣದ ಪರಿಮಳ. ಹೆಂಡತಿ ಒಂದು ತುಂಡು ಮೀನು, ಒಂದು ಗುಟುಕು ವೈನ್, ಮತ್ತೆ ಮೀನು, ಹಾಗೇ ತಿಂದು ತಟ್ಟೆಯಲ್ಲಿದ್ದ ಸಾಸನ್ನು ಬ್ರೆಡ್‌ನಲ್ಲಿ ಒರೆಸಿ ಮುಗಿಸಿದಳು. ಮಾತೇ ಆಡಲಿಲ್ಲ.

ಬೆಲೆಯ ಮೇಲೆ ಬೆರಳಿಡಿ. ಅಪ್ಪನಿಗೆ ಗೊತ್ತೂ ಆಗುವುದಿಲ್ಲ. ಕೇಳಿದ್ದಕ್ಕಿಂತ ಕಡಿಮೆ ಬೆಲೆಯದ್ದನ್ನು ತಂದುಕೊಡುವ ಸೊಮೆಲಿಯೆ ಸಿಕ್ಕಿದರೆ, ಮಾರಾಯ್ರೆ, ಆಮೇಲೆ ಅವರು ಹೇಳಿದ್ದೆಲ್ಲ ಕೇಳಿ.

ನೀವು ಇಬ್ಬರೇ ಕುಡಿಯುವವರಾದ್ದರಿಂದ ಇನ್ನೊಂದು ವಿಷಯ. 750 ಮಿಲಿ ಬಾಟಲಿಯಲ್ಲಿ 12.5 ಸೆಂಟಿಲೀಟರಿನ ಆರು ಗ್ಲಾಸ್ ಆಗುತ್ತದೆ. ಇಬ್ಬರಿಗೆ ಎರಡು ಬಾಟಲಿ ಜಾಸ್ತಿಯಾಯಿತು. ಹಾಗಾಗಿ ಅರ್ಧ ಬಾಟಲಿ ಮತ್ತು ಗ್ಲಾಸ್ ಲೆಕ್ಕದ ವೈನ್ ಚೆನ್ನಾಗಿರುವ ಜಾಗ ಹುಡುಕಿ. ಪ್ರತಿ ತಿನಿಸಿಗೂ ಒಂದೊಂದು ವೈನ್ ಜೋಡಿಸಿ ಕೊಡುವ ಪೇರಿಂಗ್ ಕೂಡ ಇರುತ್ತದೆ. ಇಬ್ಬರಿಗೆ ಒಂದೇ ತೆಗೆದುಕೊಂಡು ಹಂಚಿಕೊಳ್ಳಬಹುದಾ ಅಂತ ಮೊದಲೇ ಕೇಳಿ.

ರಾತ್ರಿ ಬೇಡ, ಮಧ್ಯಾಹ್ನ ಹೋಗಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಅದೇ ಅಡುಗೆಮನೆ, ಅದೇ ನೆಲಮಾಳಿಗೆಯ ವೈನ್, ಮಧ್ಯಾಹ್ನದ ಮೆನು ಬೆಲೆ ಎಷ್ಟೋ ಕಡಿಮೆ. ಮೇ ತಿಂಗಳಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಕೂತರೆ ಉಡುಪಿಯಲ್ಲಿ ಹನ್ನೊಂದೂವರೆ. ಊಟ ಮೂರು ಗಂಟೆ ನಡೆಯುತ್ತದೆ. ಅಪ್ಪ ಅಮ್ಮ ಊಟದ ಕೊನೆಗೆ ಚೀಸ್ ಬರುವ ಹೊತ್ತಿಗೆ ತೂಕಡಿಸುತ್ತಿರುತ್ತಾರೆ. ಅಲ್ಲಿ ಮೆನು ಅಂದರೆ ನಿಗದಿ ಬೆಲೆಯ ಪೂರ್ತಿ ಊಟ, ಬಿಡಿಬಿಡಿಯಾಗಿ ಆರಿಸುವ ಪಟ್ಟಿಗೆ ಕಾರ್ತ್ ಅನ್ನುತ್ತಾರೆ. ತೆರಿಗೆ, ಸರ್ವಿಸ್ ಎಲ್ಲ ಬರೆದ ಬೆಲೆಯಲ್ಲೇ ಸೇರಿದೆ. ನೀರು ಕೇಳುವಾಗ "ಕರಾಫ್ ದೋ" ಅನ್ನಿ, ನಲ್ಲಿ ನೀರು ಉಚಿತವಾಗಿ ಕೊಡಬೇಕು ಅಂತ ಕಾನೂನೇ ಇದೆ.

ಅಮ್ಮನ ವಿಷಯ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಮಾಂಸ ತಿನ್ನುವುದಿಲ್ಲ ಅಂದರೆ ಸಾಲದು. ಫ್ರೆಂಚ್ ಅಡುಗೆಯಲ್ಲಿ ಮೀನಿನ ಸಾಸ್‌ಗೂ ಕೋಳಿ ಅಥವಾ ಕರುವಿನ ಮೂಳೆ ಬೇಯಿಸಿದ ರಸ ಬೀಳಬಹುದು. ತರಕಾರಿಯನ್ನು ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯಬಹುದು. ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಇರಬಹುದು. ಈ ಮೂರನ್ನೂ ಹೆಸರು ಹಿಡಿದು ಬೇಡ ಅಂತ ಬರೆಯಿರಿ. ಒಂದು ವಾರ ಮೊದಲು ಗೊತ್ತಾದರೆ ಅಮ್ಮನಿಗೆ ಪ್ರೀತಿಯಿಂದ ಬೇರೆಯೇ ಮಾಡಿಕೊಡುತ್ತಾರೆ. ಮೇಜಿನಲ್ಲಿ ಕೂತು ಹೇಳಿದರೆ ಬೇಯಿಸಿದ ತರಕಾರಿ ಬರುತ್ತದೆ, ಅಷ್ಟೇ.

ಜಾಗದ ಹೆಸರು ಕೇಳಿದ್ದೀರಲ್ಲ. ನಿಮ್ಮ ನಾಲ್ವರಿಗೆ ನನ್ನ ಮೊದಲ ಆಯ್ಕೆ ಲೇ 110 ದ ತಾಯವಾಂ. 1946ರಲ್ಲಿ ಶುರುವಾದ ಹಳೆಯ ತಾಯವಾಂ ರೆಸ್ಟೋರೆಂಟ್‌ನವರದ್ದೇ, ಅದಕ್ಕಿಂತ ಹಗುರ ವಾತಾವರಣ. 110 ವೈನ್ ಗ್ಲಾಸ್ ಲೆಕ್ಕದಲ್ಲಿ ಸಿಗುತ್ತದೆ, ಅದೂ ಸಣ್ಣದು ದೊಡ್ಡದು ಎರಡು ಅಳತೆಯಲ್ಲಿ. ಪ್ರತಿ ತಿನಿಸಿನ ಪಕ್ಕದಲ್ಲೇ ನಾಲ್ಕು ಬೇರೆ ಬೇರೆ ಬೆಲೆಯ ವೈನ್ ಬರೆದಿರುತ್ತಾರೆ. ಇಬ್ಬರು ಕುಡಿಯುವವರು, ಇಬ್ಬರು ಕುಡಿಯದವರು ಇರುವ ಮನೆಗೆ ಇದಕ್ಕಿಂತ ಅನುಕೂಲ ನನಗೆ ಗೊತ್ತಿಲ್ಲ.

ಅಪ್ಪನಿಗೆ ನೆನಪಿನಲ್ಲಿ ಉಳಿಯುವ ನೋಟವೇ ಬೇಕು ಅಂದರೆ ಲಾ ತೂರ್ ದಾರ್ಜಾಂ. ಸೇನ್ ನದಿಯ ದಡ, ಮೇಲಿನ ಮಹಡಿಯ ಕಿಟಕಿಯಿಂದ ನೋತ್ರ್ ದಾಮ್ ಕಾಣುತ್ತದೆ. ನೆಲಮಾಳಿಗೆಯಲ್ಲಿ ಸುಮಾರು ಮೂರು ಲಕ್ಷ ಬಾಟಲಿ, ವೈನ್ ಲಿಸ್ಟೇ ಎಂಟು ಕಿಲೋ ತೂಗುತ್ತದೆ. 1940ರಲ್ಲಿ ಜರ್ಮನ್ ಸೈನ್ಯ ಬಂದಾಗ ಒಳ್ಳೆಯ ಬಾಟಲಿಗಳ ಮುಂದೆ ಗೋಡೆ ಕಟ್ಟಿ ಅಡಗಿಸಿಟ್ಟ ರೆಸ್ಟೋರೆಂಟ್ ಅದು. ಆದರೆ ಅಲ್ಲಿ ಹೆಸರುವಾಸಿ ಬಾತುಕೋಳಿ, ಅಮ್ಮನಿಗೆ ಅದು ಆಗುವುದಿಲ್ಲ. ಎಂಟು ಕಿಲೋ ಲಿಸ್ಟ್ ತಿರುವುವುದೂ ಬೇಡ. ಬೆರಳಿಟ್ಟು ತೋರಿಸಲು ಒಂದು ಪುಟ ಸಾಕು.

ಮೇ 1 ಮತ್ತು 8 ಸರ್ಕಾರಿ ರಜೆ. ಭಾನುವಾರ, ಸೋಮವಾರ ತುಂಬಾ ಜಾಗ ಮುಚ್ಚಿರುತ್ತದೆ. ಮಂಗಳವಾರದಿಂದ ಶುಕ್ರವಾರದ ಒಳಗೆ ಒಂದು ದಿನ ಇಟ್ಟುಕೊಳ್ಳಿ.

ಇನ್ನೊಂದು, ಇದನ್ನು ದಯವಿಟ್ಟು ಮಾಡಿ. ಹುಟ್ಟಿದ ವರ್ಷದ ವೈನ್ ಕುಡಿಸಬೇಕು ಅಂತ ಎಲ್ಲರಿಗೂ ಆಸೆ. ಅರವತ್ತು ವರ್ಷದ ಬೋರ್ದೋ ಅಂದರೆ ಬೆಲೆ ಕೇಳುವುದೇ ಬೇಡ, ತುಂಬಾ ಬಾಟಲಿಗಳು ಸತ್ತೂ ಹೋಗಿರುತ್ತವೆ. ಆದರೆ ಫ್ರಾನ್ಸ್‌ನ ದಕ್ಷಿಣ ತುದಿಯಲ್ಲಿ, ಸ್ಪೇನ್ ಗಡಿಯ ಹತ್ತಿರ, ರಿವ್ಸಾಲ್ತ್ ಅಂತ ಒಂದು ಸಿಹಿ ವೈನ್ ಮಾಡುತ್ತಾರೆ. ಹುಳಿಯುತ್ತಿರುವಾಗಲೇ ಮದ್ಯಸಾರ ಸೇರಿಸಿ ನಿಲ್ಲಿಸುವುದರಿಂದ ದ್ರಾಕ್ಷಿಯ ಸಿಹಿ ಉಳಿಯುತ್ತದೆ, ವೈನ್ ಅರವತ್ತು ವರ್ಷ ಆರಾಮಾಗಿ ಬಾಳುತ್ತದೆ. ಹಳೆಯ ವರ್ಷದ್ದೂ ಬೇರೆ ವೈನ್‌ಗಳಿಗೆ ಹೋಲಿಸಿದರೆ ಅಗ್ಗ. ಬುಕಿಂಗ್ ಇಮೇಲ್‌ನಲ್ಲೇ ಅಪ್ಪ ಹುಟ್ಟಿದ ವರ್ಷ ಬರೆದು, ಆ ವರ್ಷದ ರಿವ್ಸಾಲ್ತ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಹತ್ತಿರದ ವರ್ಷದ್ದು ಕೇಳಿ. ಬಣ್ಣ ಕಾಫಿ ಡಿಕಾಕ್ಷನ್ ಹಾಗೆ, ಬಾಯಲ್ಲಿ ಒಣ ಅಂಜೂರ, ಜೋನಿ ಬೆಲ್ಲ, ವಾಲ್‌ನಟ್. ಚಾಕೊಲೇಟ್ ಸಿಹಿ ಬರುವಾಗ ಅಪ್ಪನ ಎದುರು ಒಂದು ಸಣ್ಣ ಗ್ಲಾಸ್ ಇಡಲು ಹೇಳಿ. ಬಾಟಲಿಯ ಲೇಬಲ್ ಅವರೇ ಓದಲಿ.