ಕಾಟೇಜ್ ಕಟ್ಟಿದರೆ ಸರ್ಕಾರ ದುಡ್ಡು ಕೊಡುತ್ತಾ?

ಪ್ರಶ್ನೆ: ಅಕ್ಕಾ, ಮಾದಾಪುರದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಎರಡು ಕೋಣೆ ಖಾಲಿ ಇವೆ. ಹೋಂಸ್ಟೇ ಮಾಡುವ ಆಸೆ. ಹೊಸ ಕಾಟೇಜ್ ಕಟ್ಟಿದರೆ ಸರ್ಕಾರ ಅರ್ಧ ದುಡ್ಡು ಕೊಡುತ್ತದೆ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಯಜಮಾನರು ಬ್ಯಾಂಕಿಗೆ ಹೊರಟು ನಿಂತಿದ್ದಾರೆ. ನಿಜವಾ? ನಮ್ಮ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಕ್ಕೂ ಏನಾದರೂ ಸಿಗುತ್ತಾ? ಮನೆಯಲ್ಲಿ ಮಾಡಿದ ವೈನ್ ಮಾರಬಹುದಾ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಯಜಮಾನರನ್ನು ಸ್ವಲ್ಪ ಕೂರಿಸಿ, ತಂಗಿ. ಆ ‘ಅರ್ಧ ದುಡ್ಡಿನ’ ಮಾತು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮ ಯೋಜನೆ, ಅಂದರೆ ಪಿಎಂಎಫ್‌ಎಂಇ, 2020ರಲ್ಲಿ ಶುರುವಾಯಿತು. ಖರ್ಚಿನಲ್ಲಿ ಕೇಂದ್ರದ್ದು ಶೇ 35, ನಮ್ಮ ರಾಜ್ಯದ್ದು ಶೇ 15, ಒಟ್ಟು ಅರ್ಧ, 15 ಲಕ್ಷದವರೆಗೆ. ಆದರೆ ಅದು ಸಣ್ಣ ಆಹಾರ ಸಂಸ್ಕರಣಾ ಘಟಕಕ್ಕೆ, ಮಲಗುವ ಕೋಣೆಗಲ್ಲ. ಆ ಹಣ ಕೈಗೂ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಇರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಆಗುತ್ತದೆ.

ಕೋಣೆಗೆ ಬೇಕಿದ್ದರೆ ಮುದ್ರಾ ಸಾಲ ಇದೆ. 2025ರ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗೂ ಮುದ್ರಾ ಎಂದು ಹೇಳಿದರು. ಅಡಮಾನ ಬೇಡ ನಿಜ, ಆದರೆ ಸಾಲ ಸಾಲವೇ ಅಲ್ವಾ? ಎರಡು ಕೋಣೆ ಸುಮ್ನೆ ಖಾಲಿ ಬಿದ್ದಿರುವಾಗ ಕಾಟೇಜ್ ಯಾಕೆ? ಹಾಸಿಗೆ, ಬಚ್ಚಲು, ಬಿಸಿನೀರು ಸರಿಮಾಡಿ. ಮಡಿಕೇರಿಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ನೋಂದಣಿ ಇಲ್ಲದೆ ಆನ್‌ಲೈನ್‌ನಲ್ಲಿ ಫೋಟೊ ಹಾಕುವವರ ಸಾಲಿಗೆ ಸೇರಬೇಡಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಕಳಿಸಬೇಕು.

ಅತಿಥಿಗಳು ದುಡ್ಡು ಕೊಡುವುದು ಟೈಲ್ಸ್ ನೋಡುವುದಕ್ಕಲ್ಲ. ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ಹೂವಿನಿಂದ ತೋಟ ಬೆಳ್ಳಗಾಗುತ್ತದಲ್ಲ, ಆಗ ಕರೆಯಿರಿ. ಕಾಫಿ ಕೊಯ್ಲಿನಲ್ಲಿ ಒಂದು ಬುಟ್ಟಿ ಕೊಟ್ಟು ಹಣ್ಣು ಕೀಳಿಸಿ, ಕಣದಲ್ಲಿ ಕಾಫಿ ಕೆದಕಿಸಿ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಸಾರು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ). ಅಡುಗೆಯ ಹುಳಿಗೆ ಬಳಸುವ ಕಾಚಂಪುಳಿ ಹಣ್ಣಿನ ರಸ ಒಲೆಯ ಮೇಲೆ ಕುದ್ದು ಕಪ್ಪಾಗುವುದನ್ನು ಪೇಟೆಯವರು ಒಂದು ಗಂಟೆ ನಿಂತು ನೋಡುತ್ತಾರೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದರೆ, ಮಾರನೇ ದಿನ ಮೂತ್ರ ಕೆಂಪಾಗುತ್ತೆ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೆಳಿಗ್ಗೆ ಎದ್ದವರೇ ಆಸ್ಪತ್ರೆಗೆ ಓಡುತ್ತಾರೆ! ಆನೆ ಓಡಾಡುವ ಕಡೆ ಮುಂಜಾನೆ ತೋಟ ಸುತ್ತಿಸುವುದು ಬೇಡವೇ ಬೇಡ.

ಸರ್ಕಾರದ ಸಹಾಯವನ್ನು ಇಲ್ಲಿ ಬಳಸಿ. ತೋಟದ ಕಾಫಿಯನ್ನು ಹುರಿದು ಪುಡಿ ಮಾಡುವ ಸಣ್ಣ ಯಂತ್ರ, ಪ್ಯಾಕ್ ಮಾಡುವ ಕೋಣೆ, ಇವಕ್ಕೆ ಪಿಎಂಎಫ್‌ಎಂಇ ಕೇಳಬಹುದು. ಶೇ 10ರಷ್ಟು ನೀವೇ ಹಾಕಬೇಕು. ಮಡಿಕೇರಿಯ ಕೃಷಿ ಇಲಾಖೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರೆಂದು ಕೇಳಿ, ಯೋಜನಾ ವರದಿ ಮಾಡಲು ಅವರೇ ನೆರವಾಗುತ್ತಾರೆ. ಅವರ ಸಂಭಾವನೆ ಸರ್ಕಾರದ್ದು. ಮಧ್ಯೆ ಯಾರಾದರೂ ಕಮಿಷನ್ ಕೇಳಿದರೆ ಎದ್ದು ಬನ್ನಿ. ಯೋಜನೆಯ ಅವಧಿಯನ್ನು 2025–26ರವರೆಗೆ ಎಂದು ಇಟ್ಟಿದ್ದರು, ಅದಕ್ಕೇ ಈಗಲೂ ಅರ್ಜಿ ತೆಗೆದುಕೊಳ್ಳುತ್ತಾರಾ ಎಂದು ಮೊದಲು ಕೇಳಿಕೊಳ್ಳಿ.

ನಿಮ್ಮ ಸಂಘದಲ್ಲಿ ಉಪ್ಪಿನಕಾಯಿ, ಮಸಾಲೆ ಪುಡಿ ಈಗಾಗಲೇ ಮಾಡುತ್ತಿರುವವರು ಇದ್ದರೆ ಅದೇ ಯೋಜನೆಯಲ್ಲಿ ಸದಸ್ಯರೊಬ್ಬರಿಗೆ 40 ಸಾವಿರದವರೆಗೆ ಬಂಡವಾಳ ಇದೆ. ಪಂಚಾಯಿತಿ ಮಟ್ಟದ ಸಂಘಗಳ ಒಕ್ಕೂಟದ ಮೂಲಕ ಅರ್ಜಿ ಹಾಕಿ. ನಿಮ್ಮ ಒಬ್ಬರ ಮನೆಯ ಅತಿಥಿಗಳಿಂದ ಹತ್ತು ಮನೆಯ ಜೇನು, ಕರಿಮೆಣಸು ಖರ್ಚಾಗುತ್ತದೆ. ಪಕ್ಕದ ದಕ್ಷಿಣ ಕನ್ನಡದ ಕುತ್ಲೂರು 2024ರಲ್ಲಿ ಸಾಹಸ ವಿಭಾಗದಲ್ಲಿ ಕೇಂದ್ರದ ಅತ್ಯುತ್ತಮ ಪ್ರವಾಸಿ ಗ್ರಾಮ ಆಯಿತು. ನಿಮ್ಮ ಪಂಚಾಯಿತಿಯವರ ಕಿವಿಗೂ ಹಾಕಿ.

ವೈನ್ ಬೇಡ. ಪರವಾನಗಿ ಇಲ್ಲದೆ ಮಾರಿದರೆ ಅಬಕಾರಿಯವರು ಕೇಸ್ ಹಾಕುತ್ತಾರೆ. ಊರಿನ ಅಂಗಡಿಗಳಲ್ಲಿ ಬಾಟಲಿ ಸಾಲಾಗಿ ಇಟ್ಟಿದ್ದಾರೆ ಎನ್ನಬೇಡಿ, ಅದು ಅವರ ತಲೆನೋವು.