ಊರಿನ ಸುದ್ದಿ ಸದಸ್ಯರಿಗೆ ಮೊದಲು ತಿಳಿಯಲಿ

ಪತ್ರ: ‘ನಾನು ಒಂದು ಪುರಸಭೆಯ ಸದಸ್ಯೆ. ಮೊದಲ ಸಲ ಗೆದ್ದಿದ್ದೇನೆ. ನನ್ನ ವಾರ್ಡಿನಲ್ಲಿ ಏನು ನಡೆಯುತ್ತಿದೆ ಅನ್ನೋದು ನನಗೇ ಕೊನೆಗೆ ತಿಳಿಯುತ್ತದೆ. ಪೈಪ್‌ಲೈನಿಗೆ ರಸ್ತೆ ಅಗೆದಿದ್ದು ಜನ ಬಂದು ಜಗಳ ಆಡಿದಾಗ ಗೊತ್ತಾಯಿತು. ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆದದ್ದನ್ನು ಮರುದಿನ ಪೇಪರಿನಲ್ಲಿ ನೋಡಿದೆ. ಕೆಲವು ವಿಷಯ ಹೇಳುತ್ತಾರೆ, ಆದರೆ ನನ್ನ ಯಜಮಾನರಿಗೆ ಫೋನ್ ಮಾಡಿ ಹೇಳುತ್ತಾರೆ. ಆಫೀಸಿಗೆ ಹೋಗಿ ಕೇಳಿದರೆ “ಮೀಟಿಂಗಲ್ಲಿ ಹೇಳ್ತೀವಿ ಮೇಡಂ” ಅನ್ನುತ್ತಾರೆ. ದಿನಾ ಕೇಳಿದರೆ ಕಿರಿಕಿರಿ ಮಾಡ್ತಾರೆ ಅಂತ ಹೆಸರು. ಕೇಳದಿದ್ದರೆ ಏನೂ ಗೊತ್ತಿಲ್ಲದವರು ಅಂತ ಹೆಸರು. ನಾನೇನು ಮಾಡಲಿ?’ (ಹೆಸರು, ಊರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಕೇಳಿ. ಕಿರಿಕಿರಿ ಅಂದರೂ ಕೇಳಿ. ವಾರ್ಡಿನ ಜನ ನಿಮ್ಮನ್ನು ಕಳಿಸಿರುವುದೇ ಅವರ ಪರವಾಗಿ ಕೇಳುವುದಕ್ಕೆ. ಆದರೆ ಕೇಳುವ ರೀತಿ ಬದಲಾಯಿಸಬೇಕು. ಒಬ್ಬೊಬ್ಬರೇ ಆಫೀಸಿಗೆ ಹೋಗಿ, ಒಂದೊಂದೇ ವಿಷಯ ಕೇಳುತ್ತಾ ಹೋದರೆ ಐದು ವರ್ಷವೂ ಹೀಗೇ ಕಳೆಯುತ್ತದೆ. ಎಲ್ಲ ಸದಸ್ಯರಿಗೂ ವಾರಕ್ಕೊಮ್ಮೆ, ನಿಗದಿಯಾದ ದಿನ, ಒಂದೇ ಮಾಹಿತಿ, ಬರಹದಲ್ಲಿ ಬರಬೇಕು. ಅದನ್ನು ಸಭೆಯಲ್ಲೇ ತೀರ್ಮಾನ ಮಾಡಿಸಬೇಕು. ಈ ಉತ್ತರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದು.

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಊರಿನ ಆಡಳಿತ ಚುನಾಯಿತರ ಕೈಯಲ್ಲಿರಬೇಕು ಅನ್ನೋದಕ್ಕೆ ಗಟ್ಟಿ ಬಲ ಸಿಕ್ಕಿದ್ದು ಅದರಿಂದ. ಅದರ ಜೊತೆ ಸೇರಿದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ರಸ್ತೆ, ನೀರು, ಕಸ, ಬೀದಿದೀಪ, ಉದ್ಯಾನ, ಸ್ಮಶಾನ, ಜನನ-ಮರಣ ನೋಂದಣಿ ಎಲ್ಲ ಅದರಲ್ಲಿವೆ. ಇಷ್ಟೆಲ್ಲದರ ಬಗ್ಗೆ ಕೈ ಎತ್ತಿ ಮತ ಹಾಕುವವರು ನೀವು. ಏನು ನಡೆಯುತ್ತಿದೆ ಎಂದು ತಿಳಿಯದೆ ಕೈ ಎತ್ತಿದರೆ ಆ ತೀರ್ಮಾನ ನಿಮ್ಮದು ಹೇಗಾಗುತ್ತದೆ? ಹಾಗಾಗಿ ಮಾಹಿತಿ ಕೊಡುವುದು ಸದಸ್ಯರಿಗೆ ತೋರಿಸುವ ಮರ್ಯಾದೆ ಅಂತ ಯಾರೂ ತಿಳಿಯಬಾರದು. ಅದಿಲ್ಲದಿದ್ದರೆ ನಿಮ್ಮ ಅಧಿಕಾರ ಬರೀ ಹಾಳೆಯ ಮೇಲೆ ಉಳಿಯುತ್ತದೆ.

ಆದರೆ ನಿಮ್ಮ ಪುರಸಭೆಯವರು ಬೇಕಂತಲೇ ಮುಚ್ಚಿಡುತ್ತಿದ್ದಾರೆ ಎಂದು ಮೊದಲೇ ತೀರ್ಮಾನ ಮಾಡಬೇಡಿ. ಎಷ್ಟೋ ಸಲ ಮುಖ್ಯಾಧಿಕಾರಿಗೇ ವಿಷಯ ಗೊತ್ತಿರುವುದಿಲ್ಲ. ರಸ್ತೆ ಅಗೆದ ಉದಾಹರಣೆಯನ್ನೇ ನೋಡಿ. ಸಣ್ಣ ಊರುಗಳಲ್ಲಿ ದೊಡ್ಡ ನೀರಿನ ಯೋಜನೆಗಳನ್ನು ಸಾಮಾನ್ಯವಾಗಿ ಮಾಡಿಸುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಅದರ ಗುತ್ತಿಗೆದಾರರು ಮಂಡಳಿಯ ಎಂಜಿನಿಯರ್ ಮಾತು ಕೇಳುತ್ತಾರೆ, ಪುರಸಭೆಯ ಮಾತಲ್ಲ. ಕರೆಂಟ್ ಕಂಬ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ಕಂಪನಿಗಳದ್ದು. ಊರ ನಡುವೆ ಹಾದುಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ಹೆದ್ದಾರಿಯವರದ್ದೋ ಆಗಿರುತ್ತದೆ. ಆರೋಗ್ಯ ಶಿಬಿರ ಆರೋಗ್ಯ ಇಲಾಖೆಯದ್ದು. ಅಂಗನವಾಡಿ ಇನ್ನೊಂದು ಇಲಾಖೆ. ಬೈಗುಳ ಮಾತ್ರ ವಾರ್ಡಿನ ಸದಸ್ಯರಿಗೆ!

ಪುರಸಭೆಯ ಒಳಗೂ ಸುದ್ದಿ ಒಂದೇ ಕಡೆ ಇರುವುದಿಲ್ಲ. ಯಾವ ಬೀದಿಗೆ ಯಾವಾಗ ನೀರು ಬಿಡುತ್ತಾರೆ ಅನ್ನೋದು ವಾಲ್ವ್ ತಿರುಗಿಸುವವರಿಗೆ ಗೊತ್ತು. ಕಸದ ಗಾಡಿ ಏಕೆ ಬರಲಿಲ್ಲ ಅನ್ನೋದು ಆರೋಗ್ಯ ನಿರೀಕ್ಷಕರಿಗೆ ಗೊತ್ತು. ಯಾವ ಓಣಿಯಲ್ಲಿ ತೆರಿಗೆ ಬಾಕಿ ಜಾಸ್ತಿ ಇದೆ ಅನ್ನೋದು ಬಿಲ್ ಕಲೆಕ್ಟರಿಗೆ ಗೊತ್ತು. ಬಿಲ್ ಯಾವ ಟೇಬಲ್ಲಿನಲ್ಲಿ ನಿಂತಿದೆ ಅನ್ನೋದು ಲೆಕ್ಕದ ವಿಭಾಗಕ್ಕೆ ಗೊತ್ತು. ಇವರೆಲ್ಲ ಹೇಳಿದ್ದನ್ನು ಒಂದು ಹಾಳೆಗೆ ತರುವ ಕೆಲಸ ಯಾರದ್ದು ಅಂತ ಯಾರೂ ಹೇಳಿಲ್ಲ. ಸಮಸ್ಯೆಯ ಬೇರು ಇಲ್ಲಿದೆ. ಮುಖ್ಯಾಧಿಕಾರಿ ಒಬ್ಬ ಸಿಬ್ಬಂದಿಗೆ ಈ ಕೆಲಸ ಒಪ್ಪಿಸಿ, ವಾರಕ್ಕೆ ಅರ್ಧ ದಿನ ಬಿಟ್ಟುಕೊಟ್ಟರೆ ಸಾಕು.

ಸಭೆಯಲ್ಲಿ ಹೇಳ್ತೀವಿ ಅನ್ನುವ ಉತ್ತರ ಏಕೆ ಸಾಲದು ಅಂದರೆ, ಸಾಮಾನ್ಯ ಸಭೆ ನಡೆಯುವ ರೀತಿಯೇ ಹಾಗಿದೆ. ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಜಮಾ-ಖರ್ಚು ಮುಂದಿಡುತ್ತಾರೆ. ಆಮೇಲೆ ಅಜೆಂಡಾದ ವಿಷಯಗಳು ಒಂದರ ಹಿಂದೆ ಒಂದು. ಅಷ್ಟರಲ್ಲಿ ಯಾರೋ ಕುಡಿಯುವ ನೀರಿನ ವಿಷಯ ಎತ್ತುತ್ತಾರೆ, ಗಲಾಟೆ ಶುರುವಾಗುತ್ತದೆ, ಸಮಯ ಮುಗಿಯುತ್ತದೆ. ಮುಂದಿನ ವಾರ ನಿಮ್ಮ ವಾರ್ಡಿನಲ್ಲಿ ಏನಾಗುತ್ತದೆ ಎಂದು ಹೇಳುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಸಭೆ ಇರುವುದು ತೀರ್ಮಾನಕ್ಕೆ. ಮಾಹಿತಿ ಅದಕ್ಕಿಂತ ಮುಂಚೆ ಬಂದಿರಬೇಕು.

ಹಾಗಾದರೆ ವಾರದ ಟಿಪ್ಪಣಿಯಲ್ಲಿ ಏನಿರಬೇಕು? ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಟಿಪ್ಪಣಿ ಶುರುವಾದ ಊರಿನಲ್ಲೂ ಅದು ಕೆಲಸಕ್ಕೆ ಬಾರದ ಹಾಳೆಯಾಗುವ ಅಪಾಯ ಇದ್ದೇ ಇದೆ.

‘9ನೇ ವಾರ್ಡಿನಲ್ಲಿ ಕುಡಿಯುವ ನೀರಿನ ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದರೆ ಸದಸ್ಯರಿಗೆ ಏನೂ ಸಿಗಲಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಮಂಗಳವಾರ ಮತ್ತು ಬುಧವಾರ 9ನೇ ವಾರ್ಡಿನ ಹಳೇ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪೈಪ್ ಜೋಡಿಸುತ್ತಾರೆ. ಎರಡು ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ. ಟ್ಯಾಂಕರ್ ಬೆಳಿಗ್ಗೆ 7ಕ್ಕೆ ಆಂಜನೇಯ ಗುಡಿ ಹತ್ತಿರ ನಿಲ್ಲುತ್ತದೆ. ಅಗೆದ ರಸ್ತೆಯನ್ನು ಶನಿವಾರದೊಳಗೆ ಮುಚ್ಚಬೇಕು, ಅದು ಗುತ್ತಿಗೆದಾರರ ಹೊಣೆ. ವಿಚಾರಿಸಬೇಕಾದವರು ಕಿರಿಯ ಎಂಜಿನಿಯರ್.’ ಇಷ್ಟು ಕೈಯಲ್ಲಿದ್ದರೆ ಜನ ಕೇಳುವ ಮುಂಚೆ ನೀವೇ ಓಣಿಯಲ್ಲಿ ಹೇಳಬಹುದು. ವಯಸ್ಸಾದವರು, ಬಾಣಂತಿ ಇರುವ ಮನೆಯವರು ಮೊದಲೇ ನೀರು ಹಿಡಿದಿಟ್ಟುಕೊಳ್ಳುತ್ತಾರೆ. ಆಟೋದವರು ಬೇರೆ ದಾರಿ ಹಿಡಿಯುತ್ತಾರೆ. ಶನಿವಾರ ರಸ್ತೆ ಮುಚ್ಚದಿದ್ದರೆ ಯಾರನ್ನು ಕೇಳಬೇಕು ಅನ್ನೋದೂ ನಿಮಗೆ ಗೊತ್ತಿರುತ್ತದೆ.

ಕೆಟ್ಟ ಸುದ್ದಿ ಕೂಡ ಅದೇ ಹಾಳೆಯಲ್ಲಿ ಬರಬೇಕು. ಕಸದ ಗಾಡಿ ಕೆಟ್ಟಿದೆ, ಬೀದಿದೀಪದ ಟೆಂಡರಿಗೆ ಯಾರೂ ಬಂದಿಲ್ಲ, ಪೌರಕಾರ್ಮಿಕರ ಸಂಬಳ ತಡವಾಗಿದೆ, ನೀರಿನ ಪರೀಕ್ಷೆಯಲ್ಲಿ ಒಂದು ಕಡೆ ದೋಷ ಕಂಡಿದೆ. ಇಂಥದ್ದನ್ನು ಬರೆಯಲು ಅಧಿಕಾರಿಗಳು ಹಿಂಜರಿಯುತ್ತಾರೆ. ಆದರೆ ನೀರಿನ ದೋಷ ವಾರದ ಟಿಪ್ಪಣಿ ಬರುವವರೆಗೆ ಕಾಯುವ ವಿಷಯವೂ ಅಲ್ಲ. ಜನರ ಜೀವಕ್ಕೆ ಸಂಬಂಧಿಸಿದ್ದು, ಬೆಂಕಿ, ಪ್ರವಾಹ, ಕಟ್ಟಡ ಕುಸಿತ, ಇವುಗಳನ್ನು ಆ ಗಳಿಗೆಯಲ್ಲೇ ಫೋನ್ ಮಾಡಿ ತಿಳಿಸಬೇಕು. ಈ ಎರಡರ ನಡುವಿನ ಗೆರೆಯನ್ನು ನಿರ್ಣಯದಲ್ಲೇ ಬರೆಸಿ.

ಇನ್ನು ಊರಿನ ಕಾರ್ಯಕ್ರಮಗಳು. ಇದನ್ನು ಸಣ್ಣ ವಿಷಯ ಅಂತ ತಳ್ಳಬೇಡಿ. ಜಾತ್ರೆ, ಗಣೇಶ ವಿಸರ್ಜನೆ, ಉರುಸ್, ರಾಜ್ಯೋತ್ಸವ, ಸಂತೆಯ ಜಾಗ ಬದಲಾವಣೆ, ಪಲ್ಸ್ ಪೋಲಿಯೊ, ಕಣ್ಣಿನ ತಪಾಸಣೆ, ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ, ಪ್ರತಿಯೊಂದಕ್ಕೂ ಪುರಸಭೆಯ ಕೆಲಸ ಅಂಟಿಕೊಂಡಿರುತ್ತದೆ. ಜಾತ್ರೆ ಅಂದರೆ ಟ್ಯಾಂಕರ್, ಹೆಚ್ಚುವರಿ ದೀಪ, ತಾತ್ಕಾಲಿಕ ಶೌಚಾಲಯ, ಅಂಗಡಿಗಳ ನೆಲಬಾಡಿಗೆ, ಮರುದಿನದ ಕಸ. ವಿಸರ್ಜನೆ ಅಂದರೆ ಹೊಂಡ, ಬೆಳಕು, ಮೆರವಣಿಗೆಯ ದಾರಿಯಲ್ಲಿ ಜೋತುಬಿದ್ದ ವೈರು. ವೇದಿಕೆಯ ಮೇಲೆ ಕುರ್ಚಿ ಸಿಕ್ಕಿತೋ ಇಲ್ಲವೋ ಅನ್ನೋದು ನನಗೆ ಮುಖ್ಯ ಅನಿಸುವುದಿಲ್ಲ. ಆ ವೈರನ್ನು ಮುಂಚೆಯೇ ನೋಡಿ ಹೇಳಬಲ್ಲವರು ವಾರ್ಡಿನ ಸದಸ್ಯರು, ಅದಕ್ಕೇ ಅವರಿಗೆ ಮೊದಲು ಗೊತ್ತಿರಬೇಕು. ಹಾಗೆಯೇ ವರ್ಷದ ಕ್ಯಾಲೆಂಡರಿನ ದಿನಗಳೂ ಟಿಪ್ಪಣಿಗೆ ಬರಲಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಮಾರ್ಚ್ ಕೊನೆಗೆ ಸದಸ್ಯರ ಮೂಲಕ ಈ ಮಾತು ಮನೆಮನೆಗೆ ಹೋದರೆ ಜನರಿಗೂ ಲಾಭ, ಪುರಸಭೆಗೂ ಲಾಭ.

ಟಿಪ್ಪಣಿ ಎಲ್ಲರಿಗೂ ಒಂದೇ ಹೊತ್ತಿಗೆ ಹೋಗಬೇಕು ಅನ್ನೋದರಲ್ಲಿ ರಾಜಿ ಬೇಡ. ಅಧ್ಯಕ್ಷರಿಗೆ ಒಂದು, ಆಡಳಿತ ಪಕ್ಷದವರಿಗೆ ಒಂದು, ಉಳಿದವರಿಗೆ ಏನೂ ಇಲ್ಲ ಅಂದರೆ ಮಾಹಿತಿಯೇ ಗುಂಪುಗಾರಿಕೆಯ ಆಯುಧವಾಗುತ್ತದೆ. ನಾಮನಿರ್ದೇಶಿತ ಸದಸ್ಯರಿಗೂ ಹೋಗಲಿ. ಶಾಸಕರು, ಸಂಸದರು ಕೂಡ ಪುರಸಭೆಯ ಸದಸ್ಯರೇ ತಾನೇ? ಅವರ ಕಚೇರಿಗೂ ಅದೇ ಪ್ರತಿ ಹೋಗಲಿ. ಈಗ ಬಹಳ ಊರುಗಳಲ್ಲಿ ಸುದ್ದಿ ಮೊದಲು ಶಾಸಕರ ಕಚೇರಿಗೆ ಹೋಗಿ, ಅಲ್ಲಿಂದ ವಾರ್ಡಿಗೆ ಇಳಿಯುತ್ತದೆ. ಒಬ್ಬ ಸದಸ್ಯರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಎಲ್ಲರಿಗೂ ಕಳಿಸಬೇಕು.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಚುನಾಯಿತ ಕೌನ್ಸಿಲ್ ಒಬ್ಬ ಸಿಟಿ ಮ್ಯಾನೇಜರನ್ನು ನೇಮಿಸಿ ಊರು ನಡೆಸುವ ಪದ್ಧತಿ ಇದೆ. ವರ್ಜೀನಿಯಾದ ಸ್ಟಾಂಟನ್ ಎಂಬ ಪುಟ್ಟ ಊರು 1908ರಲ್ಲಿ ಇಂಥ ಮ್ಯಾನೇಜರನ್ನು ಇಟ್ಟುಕೊಂಡಿತು. 1913ರ ಭಾರಿ ಪ್ರವಾಹದಲ್ಲಿ ನಲುಗಿದ ಡೇಟನ್ ನಗರ 1914ರಲ್ಲಿ ಇದೇ ದಾರಿ ಹಿಡಿದ ಮೇಲೆ ಪದ್ಧತಿ ಎಲ್ಲೆಡೆ ಹಬ್ಬಿತು. ಚುನಾಯಿತರಿಗೆ ವಾಸ್ತವ ಮತ್ತು ಸಲಹೆ ಕೊಡುವುದು ಮ್ಯಾನೇಜರ್ ಕರ್ತವ್ಯ ಎಂದು ಅವರ ವೃತ್ತಿಸಂಘದ ನೀತಿಸಂಹಿತೆಯೇ ಹೇಳುತ್ತದೆ. ಅಂಥ ಅನೇಕ ಊರುಗಳಲ್ಲಿ ವಾರದ ಕೊನೆಗೆ ಮ್ಯಾನೇಜರ್ ಕಚೇರಿಯಿಂದ ಎಲ್ಲ ಕೌನ್ಸಿಲ್ ಸದಸ್ಯರಿಗೂ ಟಿಪ್ಪಣಿ ಹೋಗುತ್ತದೆ. ನಮ್ಮ ಮುಖ್ಯಾಧಿಕಾರಿಯನ್ನು ನೇಮಿಸುವುದು ಸರ್ಕಾರ, ಪುರಸಭೆಯಲ್ಲ. ಆ ವ್ಯತ್ಯಾಸ ದೊಡ್ಡದು. ವರ್ಗಾವಣೆ ಕೂಡ ಮೇಲಿನವರ ಕೈಯಲ್ಲೇ ಇರುವುದರಿಂದ ಅವರ ಕಣ್ಣು ಮೇಲಕ್ಕೇ ಇರುತ್ತದೆ. ಅದಕ್ಕೇ ನಮ್ಮಲ್ಲಿ ಬರಹದ ನಿಯಮ ಇನ್ನೂ ಹೆಚ್ಚು ಬೇಕು.

ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ ಎಂದು ನಿಮ್ಮ ಕಚೇರಿಯವರು ಹೇಳಬಹುದು. ಗ್ರೂಪ್ ಇರಲಿ, ತುರ್ತಿಗೆ ಒಳ್ಳೆಯದು. ಆದರೆ ಶುಭೋದಯ, ಹುಟ್ಟುಹಬ್ಬದ ಹಾರೈಕೆ, ಫಾರ್ವರ್ಡ್‌ಗಳ ನಡುವೆ ರಸ್ತೆ ಬಂದ್ ಆಗುವ ಸುದ್ದಿ ಕಳೆದುಹೋಗುತ್ತದೆ. ಆರು ತಿಂಗಳ ನಂತರ ಯಾವ ದಿನ ಏನು ತಿಳಿಸಿದ್ದರು ಎಂದು ಹುಡುಕಿ ತೆಗೆಯುವುದೂ ಕಷ್ಟ. ಟಿಪ್ಪಣಿಗೆ ದಿನಾಂಕ, ಕ್ರಮಸಂಖ್ಯೆ ಇರಬೇಕು. ಒಂದು ಪ್ರತಿ ಕಚೇರಿಯ ಕಡತದಲ್ಲಿ, ಇನ್ನೊಂದು ನೋಟಿಸ್ ಬೋರ್ಡಿನಲ್ಲಿ ಇರಬೇಕು.

ಆ ಗ್ರೂಪಿನಲ್ಲಿ ಯಾರ ನಂಬರ್ ಇದೆ ಅನ್ನೋದನ್ನು ಇವತ್ತೇ ನೋಡಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ನೋವು ಕೊಟ್ಟ ಸಾಲು ಯಜಮಾನರ ಫೋನಿನದ್ದು. ನಮ್ಮ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸುದ್ದಿ ಗಂಡ, ಮಗ, ಅಣ್ಣನ ಫೋನಿಗೆ ಹೋದರೆ ಮೀಸಲಾತಿಯ ಅರ್ಧ ಫಲ ಅಲ್ಲೇ ಹೋಯಿತು. ಮುಖ್ಯಾಧಿಕಾರಿಗೆ ಎರಡು ಸಾಲಿನ ಪತ್ರ ಬರೆಯಿರಿ: ‘ವಾರ್ಡಿಗೆ ಸಂಬಂಧಿಸಿದ ಎಲ್ಲ ಮಾಹಿತಿಯನ್ನು ನನ್ನ ಈ ನಂಬರಿಗೇ ತಿಳಿಸಬೇಕು. ನನ್ನ ಪರವಾಗಿ ಬೇರೆಯವರಿಗೆ ತಿಳಿಸಿದ್ದನ್ನು ನನಗೆ ತಿಳಿಸಿದಂತೆ ಎಂದು ಭಾವಿಸಬಾರದು.’ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮನೆಯಲ್ಲೂ ಹೇಳಿ. ಯಜಮಾನರು ಫೋನ್ ಬಂದಾಗ ‘ಅವರಿಗೇ ಮಾಡಿ’ ಅಂದರೆ ನಿಮ್ಮ ಅರ್ಧ ಕೆಲಸ ಹಗುರವಾಗುತ್ತದೆ.

ನಿಮ್ಮ ಕಡೆಯಿಂದಲೂ ಕೆಲವು ಕಟ್ಟುಪಾಡು ಬೇಕು. ಟಿಪ್ಪಣಿ ಬಂದ ದಿನವೇ ಓದಬೇಕು. ಅದರಲ್ಲಿದ್ದ ಎಂಜಿನಿಯರ್ ಹೆಸರು ಹಿಡಿದು ಅವರಿಗೆ ನೇರವಾಗಿ ಹುಕುಂ ಕೊಡಬಾರದು, ಕೇಳುವುದು ಬೇರೆ, ಆಜ್ಞೆ ಮಾಡುವುದು ಬೇರೆ. ಯಾರ ಮನೆ ತೆರಿಗೆ ಬಾಕಿ, ಯಾರಿಗೆ ಯಾವ ಕಾಯಿಲೆ ಅನ್ನುವಂಥದ್ದು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು. ಒಂದು ಸಲ ಟಿಪ್ಪಣಿಯಲ್ಲಿ ತಪ್ಪು ಒಪ್ಪಿಕೊಂಡ ಅಧಿಕಾರಿಯನ್ನು ಸಭೆಯಲ್ಲಿ ಹೀಯಾಳಿಸಿದರೆ ಮುಂದಿನ ವಾರದಿಂದ ಎಲ್ಲವೂ ‘ಪ್ರಗತಿಯಲ್ಲಿ’ ಇರುತ್ತದೆ.

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಎಲ್ಲ ನಾಗರಿಕರಂತೆ ನೀವೂ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಹಳೆಯ ಬಿಲ್ಲು, ಟೆಂಡರಿನ ಕಾಗದಕ್ಕೆ ಅದು ಸರಿ. ನಾಳೆ ಅಗೆಯುವ ರಸ್ತೆಯ ವಿಷಯ 30 ದಿನದ ನಂತರ ತಿಳಿದು ಏನು ಪ್ರಯೋಜನ?

ಸದಸ್ಯರೇ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನು ಬೆಂಗಳೂರಿನವರು ಕಂಡಿದ್ದಾರೆ. ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಗರ ನಡೆಸಿದರು. ಓಣಿಯ ತೊಂದರೆಯನ್ನು ಯಾರ ಹತ್ತಿರ ಹೇಳಬೇಕು ಅಂತ ತಿಳಿಯದೆ ಜನ ಪರದಾಡಿದರು. ನಿಮ್ಮ ಊರಿನವರಿಗೆ ನೀವಿದ್ದೀರಿ. ನಿಮಗೆ ತಿಳಿಯದಿದ್ದರೆ ಅವರಿಗೂ ತಿಳಿಯುವುದಿಲ್ಲ.

ಮುಂದಿನ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಸೇರಿಸಲು ಈಗಲೇ ಅಧ್ಯಕ್ಷರಿಗೆ ಬರೆದುಕೊಡಿ. ನಿರ್ಣಯ ಹೀಗಿರಲಿ: ‘ಪುರಸಭೆಯ ವ್ಯಾಪ್ತಿಯಲ್ಲಿ ಮುಂದಿನ ವಾರ ನಡೆಯುವ ಕಾಮಗಾರಿ, ನೀರು ಮತ್ತು ಸ್ವಚ್ಛತೆಯ ವ್ಯತ್ಯಯ, ಶಿಬಿರ, ಜಾತ್ರೆ ಮತ್ತು ಇತರ ಕಾರ್ಯಕ್ರಮಗಳ ವಿವರವನ್ನು ಮುಖ್ಯಾಧಿಕಾರಿಯವರು ಪ್ರತಿ ಶುಕ್ರವಾರ ಸಂಜೆಯೊಳಗೆ ಎಲ್ಲ ಸದಸ್ಯರಿಗೂ ಏಕಕಾಲದಲ್ಲಿ ಲಿಖಿತವಾಗಿ ನೀಡುವುದು. ಬೇರೆ ಇಲಾಖೆಗಳಿಂದಲೂ ಮಾಹಿತಿ ಪಡೆದು ಸೇರಿಸುವುದು. ತುರ್ತು ವಿಷಯಗಳನ್ನು ಕೂಡಲೇ ಸಂಬಂಧಿಸಿದ ವಾರ್ಡಿನ ಸದಸ್ಯರಿಗೆ ದೂರವಾಣಿಯಲ್ಲಿ ತಿಳಿಸುವುದು.’

ಸೂಚಕರು ನೀವಾಗಿ. ಅನುಮೋದಕರಾಗಿ ಎದುರು ಪಕ್ಷದ ಒಬ್ಬರನ್ನು ಕೇಳಿ, ಅವರಿಗೂ ಇದೇ ತೊಂದರೆ ಇರುತ್ತದೆ. ಸಭೆಗೆ ಮುಂಚೆ ಮುಖ್ಯಾಧಿಕಾರಿಯ ಜೊತೆಗೂ ಒಂದು ಸಲ ಕೂತು ಕರಡು ತೋರಿಸಿ. ನಿರ್ಣಯ ಪಾಸಾದ ಮೇಲೆ ಮೊದಲ ಟಿಪ್ಪಣಿಯ ಪ್ರತಿಯನ್ನು ನಮಗೂ ಕಳಿಸಿ. ಊರ ಹೆಸರು ತೆಗೆದು ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬೇರೆ ಪುರಸಭೆಯ ಸದಸ್ಯರಿಗೂ ಅದು ಬೇಕಾಗುತ್ತದೆ.

– ಸಂಪಾದಕ